ದುಬಾರಿ ಸೇಫ್ಟಿ ರೇಜರ್ ತಂದರೂ ಶೇವ್ ಸರಿ ಬರ್ತಿಲ್ಲವೇ? ದೋಷ ಹುಡುಕುವ ಕ್ರಮ

ಸಾವಿರಗಟ್ಟಲೆ ಕೊಟ್ಟು ಒಳ್ಳೆ ಲೋಹದ ಸೇಫ್ಟಿ ರೇಜರ್ ತಂದಿದ್ದೀರಿ. ಬ್ಲೇಡೂ ಹೆಸರಾದದ್ದೇ. ಆದರೂ ಕೆನ್ನೆ ಉರಿಯುತ್ತದೆ, ಗದ್ದದ ಕೆಳಗೆ ರಕ್ತ ಒಸರುತ್ತದೆ, ಕೂದಲು ಕಿತ್ತ ಹಾಗೆ ಎಳೆಯುತ್ತದೆ. ಆಗ ಬಹಳ ಜನ ಮಾಡೋದು ಒಂದೇ ಕೆಲಸ, ಇದಕ್ಕಿಂತ ದುಬಾರಿದು ಯಾವುದಿದೆ ಅಂತ ಫೋನಲ್ಲಿ ಹುಡುಕೋದು. ಸ್ವಲ್ಪ ತಡೀರಿ.

ಡಬಲ್ ಎಡ್ಜ್ ರೇಜರ್ ಮಾಡುವ ಕೆಲಸ ಬಹಳ ಸಣ್ಣದು. ಸುಮಾರು 0.1 ಮಿಲಿಮೀಟರ್ ದಪ್ಪದ ಬ್ಲೇಡನ್ನು ಬಗ್ಗಿಸಿ, ಅಲುಗದ ಹಾಗೆ ಬಿಗಿ ಹಿಡಿದು, ಎರಡೂ ಬದಿಗೆ ಸಮನಾಗಿ ಹೊರಗೆ ಚಾಚಿಸೋದು. ಅಷ್ಟೇ. ಕಿಂಗ್ ಜಿಲೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಈ ಮೂಲ ಕೆಲಸ ಬದಲಾಗಿಲ್ಲ. ಜಾಸ್ತಿ ದುಡ್ಡು ಕೊಟ್ಟರೆ ಆ ಹಿಡಿತ ಇನ್ನಷ್ಟು ಕರಾರುವಾಕ್ಕಾಗಿ ಸಿಗುತ್ತದೆ. ಆದರೆ ನಿಮ್ಮ ಮನೆ ನೀರು, ನೊರೆ, ಕೈ ಒತ್ತು ಇವುಗಳನ್ನು ಯಾವ ರೇಜರೂ ಸರಿ ಮಾಡಿ ಕೊಡಲ್ಲ.

ನಾನು ಕೆಲಸ ಮಾಡೋದು ಬೆಳಗಾವಿ ಉದ್ಯಮಬಾಗದ ಒಂದು ಟೂಲ್ ರೂಮಿನಲ್ಲಿ, ಊರು ವಿಜಯಪುರ ಜಿಲ್ಲೆ. ಮಷಿನ್ ಕೈಕೊಟ್ಟಾಗ ನಾವು ಅಗ್ಗದ, ಬೇಗ ಬಿಚ್ಚಿ ಹಾಕಬಹುದಾದ ಭಾಗದಿಂದ ಶುರು ಮಾಡ್ತೀವಿ. ದುಬಾರಿ ಭಾಗಕ್ಕೆ ಕೈ ಹಾಕೋದು ಕೊನೆಗೆ. ಶೇವಿಂಗಿಗೂ ಅದೇ ಕ್ರಮ ಸಾಕು. ಇನ್ನೊಂದು ಮಾತು, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೋಪು, ಬ್ಲೇಡು, ರೇಜರ್ ಮೂರನ್ನೂ ಒಂದೇ ದಿನ ಬದಲಿಸಿದರೆ ಗುಣ ಕಂಡದ್ದು ಯಾವುದರಿಂದ ಅಂತ ದೇವರಿಗೇ ಗೊತ್ತು.

ನೊರೆ ನಿಲ್ಲುತ್ತಿಲ್ಲ

ಬ್ರಷ್ ತಿರುಗಿಸುವಷ್ಟು ಹೊತ್ತು ನೊರೆ ಚೆನ್ನಾಗೇ ಇದೆ ಅನ್ನಿಸುತ್ತದೆ. ಮುಖಕ್ಕೆ ಹಚ್ಚಿ ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯದ್ದು ಬತ್ತಿ ಹೋಗಿರುತ್ತದೆ. ಬಟ್ಟಲಿನ ಅಂಚಿಗೆ ಒಂದು ಥರದ ಬಿಳಿ ಜಿಡ್ಡು ಕೂತಿರುತ್ತದೆ, ನೀರು ಸುರಿದರೂ ಬಿಡಲ್ಲ, ಉಜ್ಜಿದರೆ ಬೆರಳಿಗೆ ಅಂಟುತ್ತದೆ. ಸೋಪು ಕಳಪೆ ಅಂತ ತೀರ್ಮಾನಕ್ಕೆ ಬರಬೇಡಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ. ಮೊದಲು ಹಾಕಿದ ಸೋಪು ಇದಕ್ಕೇ ಖರ್ಚಾಗುತ್ತದೆ. ಅದರಿಂದ ಉಳಿದದ್ದು ಮಾತ್ರ ನೊರೆ ಆಗೋದು.

ನಮ್ಮ ಕಡೆ ನೀರಿನ ಕತೆ ಊರಿಗೊಂದು. ಬೆಳಗಾವಿ ನಗರಕ್ಕೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದ, ಘಟಪ್ರಭೆಯ ಹಿಡಕಲ್‌ನಿಂದ ನೀರು ಬರುತ್ತದೆ. ಮಳೆಯ ನೀರು, ಮೆದು. ವಿಜಯಪುರಕ್ಕೆ ಕೃಷ್ಣಾ ನೀರು ಬರುತ್ತದೆ, ಆದರೆ ನಳ ಬಾರದ ದಿನ ಬೋರ್ ನೀರೇ ಗತಿ. ಬಾಗಲಕೋಟೆ, ಲೋಕಾಪುರ, ಮುಧೋಳ ಕಡೆ ನೆಲದಡಿ ಸುಣ್ಣದ ಕಲ್ಲೇ ಇದೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೂ ಅದಕ್ಕೇ. ಅಂಥ ಕಲ್ಲಿನ ನಡುವೆ ಇಳಿದು ಬಂದ ಬೋರ್ ನೀರು ಎಷ್ಟು ಗಡಸಿರಬೇಕು, ನೀವೇ ಲೆಕ್ಕ ಹಾಕಿ. ಬಾಗಲಕೋಟೆ ನವನಗರದ ಗೆಳೆಯನೊಬ್ಬ ಹೊಸ ಜರ್ಮನ್ ರೇಜರ್ ತರಿಸಿ, ಫೋನ್ ಮಾಡಿ, "ದೋಸ್ತ, ಇಷ್ಟ್ ರೊಕ್ಕಾ ಹಾಕೀನಿ, ಗಲ್ಲಾ ಉರ್ಯಾಕತ್ತೈತಿ, ವಾಪಸ್ ಕಳಸ್ಲೇನು?" ಅಂದ. ರಜೆಗೆ ಬೆಳಗಾವಿಗೆ ಬಂದಾಗ ಅದೇ ರೇಜರ್, ಅದೇ ಸೋಪಿನಿಂದ ನಮ್ಮ ಮನೆ ನೀರಲ್ಲಿ ಶೇವ್ ಮಾಡಿಕೊಂಡ. ಉರಿಯಲಿಲ್ಲ.

ನಿಮ್ಮ ಮನೆ ನೀರು ಹೇಗಿದೆ ಅಂತ ತಿಳಿಯಲು ಮೊದಲು ಅಡುಗೆಮನೆಯಲ್ಲಿ ಕೇಳಿ. ಈ ನೀರಲ್ಲಿ ತೊಗರಿ ಬೇಳೆ ಬೇಗ ಬೇಯುತ್ತಾ? ಇಲ್ಲ ಅಂದರೆ ಅರ್ಧ ಉತ್ತರ ಸಿಕ್ಕಂತೆ. ಉಳಿದ ಅರ್ಧಕ್ಕೆ ಎರಡು ಖಾಲಿ ಬಾಟಲಿ ಸಾಕು. ಒಂದರಲ್ಲಿ ಮನೆ ನೀರು, ಇನ್ನೊಂದರಲ್ಲಿ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿದ ನೀರು. ಎರಡಕ್ಕೂ ಶೇವಿಂಗ್ ಸೋಪಿನ ಒಂದೇ ಅಳತೆಯ ಚೂರು ಹಾಕಿ ಜೋರಾಗಿ ಅಲುಗಾಡಿಸಿ. ಶಾಂಪೂ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತದೆ. ಒಂದರಲ್ಲಿ ಬುರುಗು ಕತ್ತಿನವರೆಗೆ ಏರಿ, ಇನ್ನೊಂದು ಸುಮ್ನೆ ಮಜ್ಜಿಗೆ ನೀರಿನಂತೆ ಬಿಳಿಚಿಕೊಂಡರೆ ತೀರ್ಪು ಬಂತು. ಟಿಡಿಎಸ್ ಮೀಟರ್ ಇದ್ದವರು ಅದರ ಅಂಕಿ ನೋಡಿ ಗಾಬರಿಯಾಗಬೇಡಿ. ಅದು ನೀರಲ್ಲಿ ಕರಗಿದ ಎಲ್ಲ ಲವಣವನ್ನೂ ಎಣಿಸುತ್ತದೆ, ಗಡಸುತನ ಒಂದನ್ನೇ ಅಲ್ಲ. ಕುಡಿಯುವ ನೀರಿಗೆ ಇರುವ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತಿದೆ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಅಂದರೆ ಕುಡಿಯೋಕೆ ಪಾಸಾದ ನೀರು ನೊರೆಗೆ ಫೇಲ್ ಆಗಬಹುದು.

ಪರಿಹಾರಕ್ಕೆ ಖರ್ಚೇನಿಲ್ಲ. ನೊರೆ ಮಾಡಲು ಬೇಕಾದ್ದು ಒಂದು ಲೋಟ ನೀರು. ಅಷ್ಟನ್ನು ಮಾತ್ರ ಶುದ್ಧ ನೀರಿನ ಕ್ಯಾನಿನಿಂದ ತೆಗೆದುಕೊಳ್ಳಿ, ಬ್ರಷ್ಷನ್ನೂ ಅದರಲ್ಲೇ ನೆನೆಸಿ. ರೇಜರ್ ತೊಳೆಯಲು, ಮುಖ ತೊಳೆಯಲು ಬೋರ್ ನೀರೇ ಇರಲಿ. ನೀರು ಕುದಿಸಿದರೆ ಗಡಸುತನದ ಒಂದು ಭಾಗ ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ, ಇನ್ನೊಂದು ಭಾಗ ಎಷ್ಟು ಕುದಿಸಿದರೂ ಹೋಗಲ್ಲ. ಹಾಗಾಗಿ ಕುದಿಸಿಯೂ ಫಲ ಕಾಣದಿದ್ದರೆ ಆಶ್ಚರ್ಯ ಬೇಡ. ಗಟ್ಟಿ ಸೋಪಿನ ಬದಲು ಟ್ಯೂಬಿನ ಕ್ರೀಮ್ ಹಿಡಿದು ನೋಡಿ. ಟ್ಯೂಬಿನ ಹಿಂಬದಿಗೆ ಬರೆದ ಪಟ್ಟಿಯಲ್ಲಿ ಇಡಿಟಿಎ ಅಂತ ಇದ್ದರೆ ಅದು ಕ್ಯಾಲ್ಸಿಯಂ ಕಟ್ಟಿಹಾಕುವ ಪದಾರ್ಥ, ಗಡಸು ನೀರಲ್ಲಿ ಸ್ವಲ್ಪ ತಾಳಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಒಣ ಬಿಸಿಲಿಗೆ ಎಂಥ ನೊರೆಯೂ ಬೇಗ ಬತ್ತುತ್ತದೆ. ಆಗ ಇಡೀ ಮುಖಕ್ಕೆ ಒಮ್ಮೆಲೇ ಹಚ್ಚಬೇಡಿ, ಫ್ಯಾನ್ ಕೆಳಗೆ ಅಂತೂ ಕೂರಲೇಬೇಡಿ.

ಬ್ಲೇಡು ಎಳೆಯುತ್ತದೆ

ನೊರೆ ಗಟ್ಟಿಯಾಗಿ ನಿಂತ ಮೇಲೂ ಎಳೆಯುತ್ತಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಮೊದಲು ಗಡಿಯಾರ ನೋಡಿ. ಒಣ ಗಡ್ಡದ ಕೂದಲು ಗಡುಸು, ನೀರು ಹೀರಿದರೆ ಮೆತ್ತಗಾಗುತ್ತದೆ. ಅದಕ್ಕೆ ಎರಡು ಮೂರು ನಿಮಿಷ ಬೇಕು, ಬಿಸಿ ನೀರಾದರೆ ಇನ್ನೂ ಬೇಗ. ಸ್ನಾನ ಮುಗಿಸಿ ಶೇವ್ ಮಾಡಿ ನೋಡಿ. ಎಳೆತ ನಿಂತಿತಾ? ಹಾಗಾದರೆ ಬ್ಲೇಡಿಗೆ ಬೈಯಬೇಡಿ.

ನಿಲ್ಲಲಿಲ್ಲ ಅಂದರೆ ಬ್ಲೇಡು ಬದಲಿಸಿ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಅಗ್ಗದ ಭಾಗ ಇನ್ನೊಂದಿಲ್ಲ, ಆದರೂ ಜನ ಇದನ್ನೇ ಉಳಿಸೋಕೆ ನೋಡುತ್ತಾರೆ. ಬ್ಲೇಡಿನ ಉಕ್ಕಿನಲ್ಲಿ ಸುಮಾರು 13 ಶೇಕಡಾ ಕ್ರೋಮಿಯಂ ಇರುತ್ತದೆ, ಅಂಚಿಗೆ ಪಿಟಿಎಫ್‌ಇ ಲೇಪನ, ಅಂದರೆ ನಾನ್‌ಸ್ಟಿಕ್ ತವಾದ ಮೇಲಿರುವ ಅದೇ ಪದಾರ್ಥ. ಪ್ಲಾಟಿನಂ ಅಂತ ಪೊಟ್ಟಣದ ಮೇಲೆ ಬರೆದಿದ್ದರೆ ಅದೂ ತೆಳು ಲೇಪನವೇ, ಬ್ಲೇಡು ಪ್ಲಾಟಿನಂನದ್ದಲ್ಲ. ಲೇಪನ ಸವೆದ ಮೇಲೆ ಅಂಚು ಚೂಪಿದ್ದರೂ ಜಾರಲ್ಲ, ಎಳೆಯುತ್ತದೆ. ಟವೆಲಿನಿಂದ ಅಂಚು ಒರೆಸುವ ಚಟ ಇದ್ದರೆ ಬಿಡಿ, ಝಾಡಿಸಿ ಒಣಗಲು ಬಿಟ್ಟರೆ ಸಾಕು.

ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಬ್ಲೇಡನ್ನು ಹೇಗೆ ಹಾಳು ಮಾಡುತ್ತದೆ? ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಅಂಚು ಎಲ್ಲ ಕಡೆ ಸಮನಾಗಿ ಸವೆದು ಮೊಂಡಾಗುವುದಕ್ಕಿಂತ, ಅಲ್ಲಲ್ಲಿ ಚಕ್ಕೆ ಏಳೋದು ಕಂಡಿತು. ಕೂದಲು ನೆಟ್ಟಗೆ ನಿಲ್ಲದೆ ಬಾಗಿದಾಗ, ಉಕ್ಕಿನ ಒಳರಚನೆ ಸಮನಿಲ್ಲದ ಜಾಗದಲ್ಲಿ ಹೀಗಾಗುತ್ತದೆ. ಕೂದಲು ನೆನೆಸಬೇಕು ಅನ್ನೋದಕ್ಕೆ, ಚರ್ಮ ಎಳೆದು ಹಿಡಿಯಬೇಕು ಅನ್ನೋದಕ್ಕೆ ನನಗೆ ಇದೇ ದೊಡ್ಡ ಕಾರಣ.

ಯಾವ ಬ್ಲೇಡು? ಜಪಾನಿನ ಫೆದರ್ ಅತಿ ಚೂಪು ಅಂತ ಹೆಸರು, ಅದು ನಿಜವೂ ಹೌದು. ಟರ್ಕಿಯ ಡರ್ಬಿ ಎಕ್ಸ್‌ಟ್ರಾ ಆ ಕಡೆ ತುದಿ, ಸೌಮ್ಯ. ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ ನಡುವೆ ಎಲ್ಲೋ ಬರುತ್ತದೆ. ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವ 7 ಓ'ಕ್ಲಾಕ್‌ನ ಪ್ಲಾಟಿನಂ ಬ್ಲೇಡು ಯಾವುದಕ್ಕೂ ಕಡಿಮೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ದಪ್ಪ, ಒತ್ತಾದ ಗಡ್ಡಕ್ಕೆ ಸೌಮ್ಯ ಬ್ಲೇಡು ಹಾಕಿದರೆ ಎಳೆದೇ ಎಳೆಯುತ್ತದೆ, ಆಗ ನೀವು ಒತ್ತುತ್ತೀರಿ, ಒತ್ತಿದರೆ ಉರಿ. ಹಾಗಾಗಿ ಸೌಮ್ಯವಾದದ್ದೇ ಸುರಕ್ಷಿತ ಅನ್ನುವ ಲೆಕ್ಕ ಎಲ್ಲರಿಗೂ ಹೊಂದಲ್ಲ. ಹೊಸ ಬ್ಲೇಡಿನ ಮೊದಲ ಶೇವ್ ಸ್ವಲ್ಪ ಒರಟಾಗಿ, ಎರಡನೆಯದು ನುಣುಪಾಗಿ ಬರೋದೂ ಉಂಟು. ಒಂದೇ ಶೇವಿಗೆ ಬ್ಲೇಡಿನ ಜಾತಕ ಬರೆಯಬೇಡಿ.

ಒಂದೇ ಕಡೆ ಕಚ್ಚುತ್ತದೆ

ದೋಷ ಹುಡುಕುವ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಒಂದು ಕಡೆ ಬೆಣ್ಣೆ, ಇನ್ನೊಂದು ಕಡೆ ಗೀರು ಅಂದರೆ ಸಂಶಯ ಮೂರು ಕಡೆ ಹೋಗುತ್ತದೆ: ಬ್ಲೇಡು, ರೇಜರಿನ ತಲೆ, ಇಲ್ಲವೇ ನಿಮ್ಮ ಕೈ. ಮೂರನ್ನೂ ಬೇರೆ ಮಾಡಲು ಒಂದು ಮಾರ್ಕರ್ ಪೆನ್ ಸಾಕು.

ರೇಜರಿನ ತಲೆಯಲ್ಲಿ ಬ್ಲೇಡಿನ ಮೇಲೆ ಕೂರುವ ಮುಚ್ಚಳ ಕ್ಯಾಪು, ಕೆಳಗಿನ ತಟ್ಟೆ ಪ್ಲೇಟು. ಕ್ಯಾಪಿನ ಒಂದು ಬದಿಗೆ ಚುಕ್ಕೆ ಇಡಿ. ಬ್ಲೇಡಿನ ಮೇಲೂ ಅದೇ ಬದಿಗೆ, ಅಂಚು ಮುಟ್ಟದ ಹಾಗೆ, ಒಂದು ಚುಕ್ಕೆ. ಎರಡೂ ಚುಕ್ಕೆ ಒಂದೇ ಕಡೆ ಬರುವಂತೆ ಜೋಡಿಸಿ ಶೇವ್ ಮಾಡಿ. ಎರಡೂ ಕೆನ್ನೆಯ ಮೇಲೆ ಎರಡೂ ಬದಿಯನ್ನು ಓಡಿಸಿ, ಕಚ್ಚುವ ಬದಿ ಚುಕ್ಕೆಯದ್ದೋ ಅಲ್ಲವೋ ನೆನಪಿಟ್ಟುಕೊಳ್ಳಿ. ಮುಂದಿನ ಸಲ ಅದೇ ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ ಹಾಕಿ. ಈಗ ಬ್ಲೇಡಿನ ಚುಕ್ಕೆ ಕ್ಯಾಪಿನ ಚುಕ್ಕೆಯ ಎದುರು ಬದಿಗೆ ಹೋಗಿರುತ್ತದೆ. ಕಚ್ಚುವ ಜಾಗ ಬ್ಲೇಡಿನ ಜೊತೆ ಹೋದರೆ ಬ್ಲೇಡಿನ ಆ ಅಂಚೇ ಕೆಟ್ಟಿದೆ, ಎಸೆಯಿರಿ. ಬ್ಲೇಡು ತಿರುಗಿದರೂ ರೇಜರಿನ ಅದೇ ಬದಿ ಕಚ್ಚಿದರೆ ದೋಷ ತಲೆಯಲ್ಲಿದೆ. ಯಾವ ಬದಿ ಹಿಡಿದರೂ ಒಂದೇ ಕೆನ್ನೆ ಕೊಯ್ದರೆ ಎರಡೂ ನಿರಪರಾಧಿಗಳು. ಬಲಗೈಯವರು ಬಲಗೆನ್ನೆಗೆ ಬಂದಾಗ ಮೊಣಕೈ ಏರುತ್ತದೆ, ಕೋನ ತಾನಾಗೇ ಬದಲಾಗುತ್ತದೆ. ಕನ್ನಡಿ ಮುಂದೆ ನಿಧಾನಕ್ಕೆ ಮಾಡಿ ನೋಡಿದರೆ ಕಣ್ಣಿಗೇ ಕಾಣುತ್ತದೆ.

ತಲೆಯ ದೋಷ ಅಂತಾದರೆ ಗಾಬರಿ ಬೇಡ, ಹೆಚ್ಚಿನ ಸಲ ಅದು ಜೋಡಣೆಯ ದೋಷ. ರೇಜರನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಕ್ಯಾಪನ್ನು ನೇರ ಮೇಲಿನಿಂದ ನೋಡಿ. ಎರಡೂ ಬದಿಗೆ ಬ್ಲೇಡಿನ ಸಣ್ಣ ಹೊಳೆಯುವ ಗೆರೆ ಕಾಣುತ್ತದೆ. ಎರಡೂ ಒಂದೇ ಅಗಲ ಇರಬೇಕು, ಈ ತುದಿಯಿಂದ ಆ ತುದಿಗೂ ಒಂದೇ ಸಮ ಇರಬೇಕು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಇನ್ನೂ ಸ್ಪಷ್ಟ. ಓರೆಯಾಗಿದ್ದರೆ ಹಿಡಿ ಸ್ವಲ್ಪ ಸಡಿಲಿಸಿ, ಬ್ಲೇಡಿನ ಚೂಪಿಲ್ಲದ ಎರಡು ತುದಿಗಳನ್ನು ಬೆರಳಲ್ಲಿ ಹಿಡಿದು, ಕ್ಯಾಪು ಪ್ಲೇಟು ಎರಡನ್ನೂ ಒತ್ತಿಕೊಂಡು ಬಿಗಿ ಮಾಡಿ. ಜರ್ಮನಿಯ ಸೊಲಿಂಗೆನ್‌ನ ಮರ್ಕುರ್ 34ಸಿ ಎರಡು ತುಂಡಿನ ರೇಜರ್, ಹಿಡಿಯ ಬುಡದ ಗುಂಡಿ ತಿರುಗಿಸಿ ಬಿಗಿಸೋದು. ಅದರಲ್ಲಿ ಬ್ಲೇಡಿಗೆ ಕೂದಲೆಳೆಯಷ್ಟು ಆಟ ಇರುತ್ತದೆ, ಹಾಗಾಗಿ ಈ ಬೆರಳಿನ ಕೆಲಸ ಅದಕ್ಕೆ ಜಾಸ್ತಿ ಬೇಕು. ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಲೋಹದ ಪಟ್ಟಿ, ಇರುವವರು ಪ್ಲೇಟಿನ ಅಂಚಿಗೂ ಬ್ಲೇಡಿಗೂ ನಡುವಿನ ಅಂತರ ಎರಡೂ ಬದಿ ಅಳೆಯಬಹುದು. ಆದರೆ ಹಳೆ ಬ್ಲೇಡು ಹಾಕಿ ಅಳೆಯಿರಿ, ಗೇಜ್ ತಾಗಿದ ಅಂಚು ಮುಖಕ್ಕೆ ಲಾಯಕ್ಕಲ್ಲ. ಎಷ್ಟು ಸಲ ಜೋಡಿಸಿದರೂ ಅದೇ ಬದಿ ಓರೆ ಬಂದರೆ ಪ್ಲೇಟ್ ಬಾಗಿದೆ ಅಥವಾ ಅಚ್ಚಿನಲ್ಲೇ ತಪ್ಪಿದೆ. ವಾರಂಟಿ ಕೇಳುವ ಹಕ್ಕು ಈಗ ನಿಮಗಿದೆ, ಫೋಟೋ ಸಮೇತ.

ಇಡೀ ಮುಖ ಉರಿಯುತ್ತದೆ

ಇದರ ಮೂಲ ಬಹುತೇಕ ಒತ್ತು. ಎರಡು ಮೂರು ಬ್ಲೇಡಿನ ಕಾರ್ಟ್ರಿಜ್ ರೇಜರ್ ಬಳಸಿದ ಕೈಗೆ ಒತ್ತಿ ಅಭ್ಯಾಸ. ಭಾರದ ರೇಜರಿಗೆ ಅದರ ತೂಕವೇ ಸಾಕು. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಮಾಡಿ ನೋಡಿ, ಒತ್ತಬೇಕೆಂದರೂ ಒತ್ತೋಕಾಗಲ್ಲ. ಕೋನಕ್ಕೆ ಸುಲಭ ದಾರಿ ಇದೆ. ಕ್ಯಾಪಿನ ನೆತ್ತಿಯನ್ನು ಕೆನ್ನೆಗೆ ಚಪ್ಪಟೆ ಇಡಿ, ಹಿಡಿ ನೇರ ಹೊರಗೆ ನಿಂತಿರಲಿ. ಅಲ್ಲಿಂದ ಹಿಡಿಯನ್ನು ನಿಧಾನ ಕೆಳಗಿಳಿಸುತ್ತ ಬನ್ನಿ. ಚರಚರ ಸದ್ದು ಶುರುವಾದಲ್ಲಿ ನಿಲ್ಲಿಸಿ. ಅದಕ್ಕಿಂತ ಇಳಿಸಿದರೆ ಬ್ಲೇಡು ಕತ್ತರಿಸೋದು ಬಿಟ್ಟು ಕೆರೆಯುತ್ತದೆ.

ಪಟಿಕದ ಕಲ್ಲು ಇಲ್ಲಿ ಒಳ್ಳೆ ಪರೀಕ್ಷಕ. ಶೇವ್ ಮುಗಿದ ಮೇಲೆ ತಣ್ಣೀರಲ್ಲಿ ಅದ್ದಿ ಮುಖಕ್ಕೆ ಸವರಿ. ಎಲ್ಲೆಲ್ಲಿ ಚುರ್ ಅನ್ನುತ್ತದೋ ಅಲ್ಲೆಲ್ಲ ಚರ್ಮ ಕೆರೆದಿದೆ. ಬರೀ ಗದ್ದದ ಮೂಲೆಯಲ್ಲಿ ಚುರ್ ಅಂದರೆ ಕೋನ, ಎಲ್ಲ ಕಡೆ ಅಂದರೆ ಒತ್ತು, ಇಲ್ಲವೇ ಸುತ್ತು, ಅಂದರೆ ಮುಖದ ಮೇಲೆ ರೇಜರ್ ಓಡಿಸಿದ ಸಲ, ಜಾಸ್ತಿಯಾಗಿದೆ. ನೊರೆ ಇಲ್ಲದ ಜಾಗದಲ್ಲಿ ಇನ್ನೊಂದು ಸಲ ಎಳೆಯೋದು ಬಿಟ್ಟರೇ ಅರ್ಧ ಉರಿ ಹೋಗುತ್ತದೆ. ಕಟಿಂಗ್ ಶಾಪಿನಲ್ಲಿ ಬ್ಲೇಡನ್ನು ಅರ್ಧ ಮುರಿದು ಕತ್ತಿಗೆ ಹಾಕಿ ಮಾಡುವವರನ್ನು ಗಮನಿಸಿ. ಪ್ರತಿ ಸುತ್ತಿಗೂ ನೀರು ಚಿಮುಕಿಸಿ ಮತ್ತೆ ನೊರೆ ಹಚ್ಚುತ್ತಾರೆ, ಇನ್ನೊಂದು ಕೈ ಚರ್ಮ ಎಳೆದೇ ಹಿಡಿದಿರುತ್ತದೆ.

ಕುತ್ತಿಗೆಯ ಗುಳ್ಳೆ ಬೇರೆ ವಿಷಯ. ಅಲ್ಲಿ ಕೂದಲು ಕೆಳಮುಖವಾಗೇ ಬೆಳೆಯಬೇಕೆಂದಿಲ್ಲ, ಕೆಲವರಿಗೆ ಅಡ್ಡ, ಕೆಲವರಿಗೆ ಮೇಲಕ್ಕೆ. ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿ, ನುಣುಪಾಗಿ ಹೋಗುವ ದಿಕ್ಕೇ ಸೀದಾ ದಿಕ್ಕು. ಅಲ್ಲಿ ಉಲ್ಟಾ ಸುತ್ತು ಬಿಟ್ಟುಬಿಡಿ. ಕೀವು ತುಂಬಿದ್ದರೆ ಶೇವ್ ನಿಲ್ಲಿಸಿ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಈಗ ರೇಜರ್ ಬದಲಿಸುವ ಮಾತು

ನೀರು, ಬ್ಲೇಡು, ಜೋಡಣೆ, ಕೈ ಎಲ್ಲ ದಾಟಿ ಬಂದಿದ್ದರೆ ಮಾತ್ರ ಖರ್ಚಿನ ವಿಚಾರ. ಯಾವುದು ಒಳ್ಳೇದು ಅಂತ ಕೇಳಬೇಡಿ, ನಿಮ್ಮಲ್ಲಿ ಉಳಿದ ದೋಷ ಯಾವುದು ಅಂತ ನೋಡಿ.

ಶೇವ್ ಮಾಡುವಾಗ ಕರ್ರ್ ಅಂತ ಸಣ್ಣ ನಡುಕ ಕೈಗೆ ಬರುತ್ತದೆಯೇ? ಬ್ಲೇಡಿನ ಅಂಚಿನ ಹತ್ತಿರ ಹಿಡಿತ ಸಾಲದು, ಅಂಚು ಕುಣಿಯುತ್ತಿದೆ. ಇದಕ್ಕೆ ಮದ್ದು ಅಂಚಿನ ಸಮೀಪದವರೆಗೆ ಬ್ಲೇಡನ್ನು ಬಿಗಿಯುವ, ಮಷಿನ್‌ನಲ್ಲಿ ಕಡೆದ ಸ್ಟೀಲ್ ರೇಜರ್. ದುಡ್ಡಿಗೆ ಬೆಲೆ ಸಿಗೋದು ಇಲ್ಲೇ. ಇನ್ನೊಂದು ದಾರಿ ಮರ್ಕುರ್ 37ಸಿ ಥರದ ಓರೆ ತಲೆ. ಬ್ಲೇಡನ್ನು ತಿರುಚಿ ಹಿಡಿಯೋದರಿಂದ ಅದು ಬಿಗಿಯಾಗುತ್ತದೆ, ಕೂದಲನ್ನು ಕುಡುಗೋಲಿನಂತೆ ಓರೆಯಲ್ಲಿ ಕೊಯ್ಯುತ್ತದೆ.

ಮುಖ ಸೂಕ್ಷ್ಮ, ಗಡ್ಡ ತೆಳು ಅಂದರೆ ಮ್ಯೂಲೆ ಆರ್89 ಅಥವಾ ಜಪಾನಿನ ಫೆದರ್ ಎಎಸ್-ಡಿ2. ಎರಡನೆಯದು ಪೂರ್ತಿ ಸ್ಟೀಲ್, ಬೆಲೆ ಹಲವು ಪಟ್ಟು, ಶೇವ್ ಬಹಳ ಸೌಮ್ಯ. ದಪ್ಪ ಗಡ್ಡದವರು ಅದನ್ನು ಬೆಲೆ ನೋಡಿ ತಂದರೆ ಬೇಸರ ಖಂಡಿತ. ಇಂಗ್ಲೆಂಡಿನ ಎಡ್ವಿನ್ ಜಾಗರ್ ಡಿಇ89ರ ತಲೆ, ಮ್ಯೂಲೆ ಆರ್89ರ ತಲೆ ಒಂದೇ ಮಾದರಿಯದು. ಒಂದು ಹೊಂದಲಿಲ್ಲ ಅಂತ ಇನ್ನೊಂದು ತರೋದು ದುಡ್ಡು ದಂಡ. ಮ್ಯೂಲೆಯದ್ದೇ ಆರ್41 ಬಾಚಣಿಗೆ ಹಲ್ಲಿನದು, ಬಹಳ ಉಗ್ರ. ಮೂರು ನಾಲ್ಕು ದಿನಕ್ಕೊಮ್ಮೆ ಶೇವ್ ಮಾಡುವವರಿಗೆ ಅದು ಸರಿ, ದಿನಾ ಬೆಳಿಗ್ಗೆ ಅವಸರದಲ್ಲಿ ಆಫೀಸಿಗೆ ಓಡುವವರಿಗೆ ಅಲ್ಲ. ಏನು ಬೇಕೆಂದು ಇನ್ನೂ ಗೊತ್ತಾಗದವರಿಗೆ ರಾಕ್‌ವೆಲ್ 6ಎಸ್ ಜಾಣ ಆಯ್ಕೆ. ಮೂರು ಪ್ಲೇಟು, ಎರಡೂ ಮಗ್ಗುಲು ಬಳಸಬಹುದು, ಒಟ್ಟು ಆರು ಅಳತೆಯ ಅಂತರ. ಕಡಿಮೆ ಅಂಕಿಯಿಂದ ಶುರು ಮಾಡಿ, ಕೂದಲು ಉಳಿದರೆ ಮಾತ್ರ ಮೇಲಕ್ಕೆ ಹೋಗಿ.

ತಿರುಪು ಹಿಡಿಯುತ್ತಿಲ್ಲ

ಹಿಡಿ ಅರ್ಧಕ್ಕೇ ಬಿಗಿಯಾಗಿ ನಿಂತರೆ ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಕೆಟ್ಟಿತು ಅಂದುಕೊಳ್ಳುತ್ತಾರೆ. ನಮ್ಮ ಕಡೆ ಅದು ಹೆಚ್ಚಾಗಿ ಮರೆಯೊಳಗೆ ಕೂತ ಸುಣ್ಣ ಮತ್ತು ಸೋಪಿನ ಜಿಡ್ಡು. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೆ ಟೂತ್‌ಬ್ರಷ್ಷು ಮೊದಲು. ಸ್ಟೀಲ್ ರೇಜರಾದರೆ ನೀರು ಬೆರೆಸಿದ ವಿನೆಗರಿನಲ್ಲಿ ಕೆಲ ನಿಮಿಷ ಅದ್ದಿ ತೊಳೆಯಬಹುದು. ಮರ್ಕುರ್, ಮ್ಯೂಲೆಯ ಸಾಮಾನ್ಯ ಮಾದರಿಗಳ ತಲೆ ಸತುವಿನ ಮಿಶ್ರಲೋಹ, ಮೇಲೆ ಕ್ರೋಮ್ ಲೇಪ. ಲೇಪ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಹುಳಿ ತಾಗಿಸಬೇಡಿ, ಒಳಗಿನ ಸತುವನ್ನು ತಿನ್ನುತ್ತದೆ.

ಸ್ವಚ್ಛ ಮಾಡಿದ ಮೇಲೂ ಸುಮ್ನೆ ತಿರುಗುತ್ತಲೇ ಇದ್ದರೆ ಮರೆ ನಿಜವಾಗಿ ಸವೆದಿದೆ. ಈಗಿನ ಮೂರು ತುಂಡಿನ ರೇಜರುಗಳಲ್ಲಿ ಹೆಚ್ಚಿನವು ಎಂ5 ಅಳತೆಯ ಮರೆಯವು, ಪಿಚ್ (ಗೆರೆಯಿಂದ ಗೆರೆಗೆ ಇರುವ ಅಂತರ) 0.8 ಮಿಲಿಮೀಟರ್. ಹಳೆ ಜಿಲೆಟ್‌ಗಳದ್ದು 10-32 ಅನ್ನುವ ಇಂಚಿನ ಅಳತೆ, ಪಿಚ್ 0.794. ಅಂಕಿ ಎಷ್ಟು ಹತ್ತಿರ ನೋಡಿ. ಅದಕ್ಕೇ ಅಜ್ಜನ ರೇಜರಿನ ಹಿಡಿಗೆ ಹೊಸ ತಲೆ ಒಮ್ಮೊಮ್ಮೆ ಕೂತಂತೆ ಮಾಡಿ, ನಡುವೆ ಕಚ್ಚಿ, ಮೆದು ಸತುವಿನ ಮರೆಯನ್ನೇ ಕೆತ್ತಿ ಹಾಕುತ್ತದೆ. ಬಲವಂತ ಮಾಡಬೇಡಿ. ಕೆಟ್ಟದ್ದು ಹಿಡಿಯ ಒಳಮರೆ ಆದರೆ ಉದ್ಯಮಬಾಗದ ಯಾವ ಲೇತ್‌ನವರಾದರೂ ಹಿತ್ತಾಳೆ ರಾಡಿನಲ್ಲಿ ಎಂ5 ಟ್ಯಾಪ್ ಹೊಡೆದು, ಅಂದರೆ ಒಳಮರೆ ಕೊರೆದು, ಹೊಸ ಹಿಡಿ ಮಾಡಿ ಕೊಡುತ್ತಾರೆ, ಮೂಲದ್ದಕ್ಕಿಂತ ಗಟ್ಟಿಯಾಗೇ ಇರುತ್ತದೆ. ಕೆಟ್ಟದ್ದು ಕ್ಯಾಪಿನ ಕಡ್ಡಿ ಆದರೆ ಬೆಸುಗೆ ಕೆಲಸಕ್ಕೆ ಬರಲ್ಲ. ಆ ತಲೆಯನ್ನೇ ಬದಲಿಸಬೇಕು.